ಫಿಪ್ಸ್ ಕಚ್ಚಿದ ಹಿಡಿ

"ಆ ಕೋಟು ತೆಗಿ" ಎಂದೆ.

ಲೊರೆನ್ಸ್ ತೆಗೆಯಲಿಲ್ಲ. ವರ್ಕ್‌ಶಾಪಿನ ಕಿಟಕಿ ಗಾಜನ್ನೇ ಕನ್ನಡಿ ಮಾಡಿಕೊಂಡು ಟೈ ಬಿಗಿಯುತ್ತಿದ್ದ. ಅಪ್ಪನ ಮಣ್ಣಿಗೆ ಕಟ್ಟಿದ್ದ ಕರಿ ಟೈ. ಮೊನ್ನೆ ವೋಲ್ಕ್‌ಮಾರ್‌ನ ಮಣ್ಣಿಗೂ ಅದನ್ನೇ ಕಟ್ಟಿದ್ದ.

"ಕೋಟು ತೆಗಿ ಅಂದೆ, ಲೊರೆನ್ಸ್. ಕಿವಿ ಕೇಳಿಸ್ತಾ ಇಲ್ವಾ?"

"ಮಧ್ಯಾಹ್ನ ಪೊಲೀಸ್ ಸ್ಟೇಶನ್ನಿಗೆ ಬರೋಕೆ ಹಾರ್ಟುಂಗ್ ಹೇಳಿದಾರೆ ಅಕ್ಕ. ಹೋಗಿ ರುಜು ಹಾಕಿ ಬಂದುಬಿಡ್ತೀನಿ."

"ಏನಂತ ರುಜು ಹಾಕ್ತೀಯ?"

"ಸ್ಕ್ರೂಡ್ರೈವರ್ ಒಳಗೆ ಬಿಟ್ಟೋನು ನಾನೇ ಅಂತ."

ನನಗೆ ಮೈಯೆಲ್ಲ ಉರಿದುಹೋಯಿತು. ಕಳೆದ ವಾರ ವೋಲ್ಕ್‌ಮಾರ್ ಹೆನ್ನಿಂಗ್‌ನ ಗ್ಲೈಡರ್, ವಾರ್ಷಿಕ ತಪಾಸಣೆ ಮುಗಿಸಿ ನನ್ನ ತಮ್ಮನೇ ರುಜು ಹಾಕಿ ಬಿಟ್ಟುಕೊಟ್ಟಿದ್ದ ಆ ಎಂಜಿನ್ ಇಲ್ಲದ ವಿಮಾನ, ಮೇಲೇರುವಾಗಲೇ ಬಾಲ ಬಿಗಿದುಕೊಂಡು ನೆಲಕ್ಕೆ ಬಿದ್ದಿತ್ತು. ವೋಲ್ಕ್‌ಮಾರ್ ಅಲ್ಲೇ ಸತ್ತಿದ್ದ. ಮುರಿದ ಬಾಲದೊಳಗೆ ಪೊಲೀಸರಿಗೆ ನಮ್ಮ ಹಾರಾಟದ ಕ್ಲಬ್ಬಿನ ಗುರುತಿದ್ದ ಒಂದು ಸ್ಕ್ರೂಡ್ರೈವರ್ ಸಿಕ್ಕಿತ್ತು. ಅಷ್ಟಕ್ಕೇ ಈ ಪೆದ್ದ ತಾನೇ ಕೊಲೆಗಾರ ಅಂದುಕೊಂಡು ಟೈ ಕಟ್ಟುತ್ತಿದ್ದಾನೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ. ಕದಿಯದೇ ಇದ್ದರೂ ಮುಟ್ಟಿ ನೋಡಿಕೊಳ್ಳುತ್ತಾನೆ.

"ರುಜು ಹಾಕಿದ್ರೆ ಜೈಲು ಕಣೋ. ಇನ್ನು ಜನ್ಮದಲ್ಲಿ ಒಂದು ಗ್ಲೈಡರ್ ಮುಟ್ಟೋಕೆ ಬಿಡಲ್ಲ ನಿನ್ನ."

"ಮುಟ್ಟೋಕೆ ನನಗೂ ಇಷ್ಟ ಇಲ್ಲ."

"ಸಾಯಿ ಹಾಗಾದ್ರೆ!" ಎಂದು ಕೂಗಿದೆ. ಕೂಗಿದ್ದಕ್ಕೆ ಮೇಜಿನ ಮೇಲಿನ ಗ್ರೀಸ್ ಡಬ್ಬಿ ಬಿತ್ತೋ, ನಾನೇ ಕೈಬೀಸಿ ಬೀಳಿಸಿದೆನೋ ಗೊತ್ತಿಲ್ಲ. ಕಾಸೆಲ್ ನಗರದ ಅಪರಾಧ ವಿಭಾಗದಲ್ಲಿ ತಲೆ ನರೆಯುವವರೆಗೆ ದುಡಿದವಳು ನಾನು, ಇರ್ಮಾ ವೈಗಾಂಡ್. ಅಲ್ಲಿ ನನ್ನ ಬಗ್ಗೆ ಒಂದು ಮಾತಿತ್ತು: ಇರ್ಮಾಳ ಕೋಪ ಮೂಗಿನ ತುದಿಯಲ್ಲಿ, ಮೂಗೋ ಉದ್ದ. ನಿವೃತ್ತಿಯಾದ ಮೇಲೆ ಮೂಗೇನೂ ಗಿಡ್ಡವಾಗಿಲ್ಲ.

ಲೊರೆನ್ಸ್ ಬಗ್ಗಿ ಡಬ್ಬಿ ಎತ್ತಿದ. ಎತ್ತಿ, ಒರೆಸಿ, ಅದರ ಜಾಗದಲ್ಲೇ ಇಟ್ಟ. ಹೆಣದ ಹಾಗೆ ನಿಂತಿದ್ದರೂ ಡಬ್ಬಿಯ ಜಾಗ ತಪ್ಪಲಿಲ್ಲ. ಇಂಥವನು ಬಾಲದೊಳಗೆ ಸ್ಕ್ರೂಡ್ರೈವರ್ ಮರೆತು ಬರುತ್ತಾನಂತೆ!

"ಕೂತ್ಕೋ. ಇನ್ನೊಂದು ಸಲ ಹೇಳು. ತಪಾಸಣೆಯ ಕೊನೆಯ ದಿನ ಏನಾಯ್ತು?"

"ಎಷ್ಟು ಸಲ ಹೇಳಲಿ ಅಕ್ಕ?"

"ನನಗೆ ಸಾಕು ಅನ್ನಿಸೋವರೆಗೆ."

ಅವನು ಸ್ಟೂಲಿನ ಮೇಲೆ ಕೂತ. ಹೇಳುತ್ತ ಹೋದಂತೆ ದನಿ ತುಸು ನೆಟ್ಟಗಾಯಿತು. ಕೆಲಸದ ಮಾತು ಬಂದರೆ ಅವನು ಯಾವಾಗಲೂ ಹಾಗೆ. ರೆಕ್ಕೆ ಬಿಚ್ಚಿದ್ದು, ಬೆರಳಿನಿಂದ ತಟ್ಟಿ ತಟ್ಟಿ ಬಿರುಕು ಹುಡುಕಿದ್ದು, ತಂತಿ ಕಚ್ಚುವ ಕೊಕ್ಕೆಯನ್ನು ಬಿಚ್ಚಿ ತೊಳೆದದ್ದು, ಸೊಂಟಪಟ್ಟಿಯ ಹೊಲಿಗೆ ನೋಡಿದ್ದು, ಬಾಲದ ಪಟ್ಟಿಯನ್ನು ಆಡಿಸುವ ಉದ್ದ ಸರಳಿನ ಒಂದೊಂದು ಗೆಣ್ಣಿಗೂ ಗ್ರೀಸ್ ಹಚ್ಚಿದ್ದು.

"ಆಮೇಲೆ?"

"ಆಮೇಲೆ ಬಾಲ ಎತ್ತಿ ಕೇಳಿದ್ವಿ."

ಇದು ಈ ಬೆಟ್ಟದ ಹಾರುವವರ ಹಳೆಯ ಪದ್ಧತಿ. ಮುಚ್ಚಳ ಮುಚ್ಚುವ ಮೊದಲು ಇಬ್ಬರು ಗ್ಲೈಡರಿನ ಬಾಲ ಹಿಡಿದೆತ್ತಿ ಅಲ್ಲಾಡಿಸುತ್ತಾರೆ. ಎಲ್ಲರೂ ಬಾಯಿ ಮುಚ್ಚುತ್ತಾರೆ. ಗ್ಲೈಡರಿನ ಒಡೆಯ ಅದರ ಮೈಗೆ ಕಿವಿ ಹಚ್ಚುತ್ತಾನೆ. ಒಳಗೆ ಒಂದು ವಾಶರ್ ಉಳಿದಿದ್ದರೂ ಕಿಣಿಕಿಣಿ ಕೇಳುತ್ತದೆ.

"ಯಾರು ಎತ್ತಿದ್ದು?"

"ನಾನೂ ಓಟ್ಮಾರೂ. ಕಿವಿ ಹಚ್ಚಿದ್ದು ವೋಲ್ಕ್‌ಮಾರ್. ಏನೂ ಇಲ್ಲ, ಸ್ಮಶಾನ ಇದ್ದ ಹಾಗಿದೆ ಅಂದ." ಆ ಮಾತು ಬಾಯಿಂದ ಬಂದ ಕೂಡಲೇ ಲೊರೆನ್ಸ್ ಮುಖ ಮುಚ್ಚಿಕೊಂಡ.

"ಅಳಬೇಡ. ಗೋಡೆ ನೋಡಿದ್ಯಾ?"

"ನೋಡ್ದೆ."

"ತುಂಬಿತ್ತಾ?"

"ತುಂಬಿತ್ತು. ತುಂಬದೆ ನಾನು ಬೀರ್ ಬಾಟಲಿ ತೆಗೆಯೋಕೆ ಬಿಡ್ತೀನಾ?" ಅಷ್ಟು ಸೊಟ್ಟಗೆ ಉತ್ತರ ಕೊಟ್ಟದ್ದಕ್ಕೆ ನನಗೆ ಸಂತೋಷವಾಯಿತು. ತಕ್ಷಣ ಮತ್ತೆ ಕುಗ್ಗಿದ. "ಅಥವಾ ನೋಡ್ದೆ ಅಂದ್ಕೊಂಡಿದೀನಿ. ಕಣ್ಣು ನೋಡಿರುತ್ತೆ, ತಲೆ ನೋಡಿರಲ್ಲ. ವಯಸ್ಸಾಯ್ತು."

ನಾನು ಗೋಡೆಯತ್ತ ತಿರುಗಿದೆ.

ವರ್ಕ್‌ಶಾಪಿನ ಒಂದು ಇಡೀ ಗೋಡೆಗೆ ಬಿಳಿ ಹಲಗೆ ಹೊಡೆದು, ಪ್ರತಿಯೊಂದು ಉಪಕರಣದ ಆಕಾರವನ್ನೂ ಅದರ ಮೇಲೆ ಕಪ್ಪು ಬಣ್ಣದಲ್ಲಿ ಬರೆದಿದ್ದಾರೆ. ಸುತ್ತಿಗೆಯ ಜಾಗದಲ್ಲಿ ಸುತ್ತಿಗೆಯ ನೆರಳು, ಇಕ್ಕಳದ ಜಾಗದಲ್ಲಿ ಇಕ್ಕಳದ ನೆರಳು. ದಿನದ ಕೆಲಸ ಮುಗಿದಾಗ ಗೋಡೆಯ ಮೇಲೆ ಒಂದು ಕಪ್ಪು ಆಕಾರ ಬರಿದಾಗಿ ಕಂಡರೂ ಯಾರೂ ಮನೆಗೆ ಹೋಗುವ ಹಾಗಿಲ್ಲ, ಬೀರ್ ಮುಟ್ಟುವ ಹಾಗಿಲ್ಲ. ಸಿಗುವವರೆಗೆ ಹುಡುಕಬೇಕು. ಪ್ರತಿ ಉಪಕರಣದ ಹಿಡಿಗೂ ಒಂದು ನೀಲಿ ಬಳೆ. ಚಳಿಗಾಲದಲ್ಲಿ ಲೊರೆನ್ಸ್‌ನ ಹೆಂಡತಿ ಆಲ್ಮುಟ್ ಅಡುಗೆಮನೆ ಮೇಜಿನ ಮೇಲೆ ಹರವಿಕೊಂಡು ಸಣ್ಣ ಕುಂಚದಲ್ಲಿ ಬಳಿಯುತ್ತಾಳೆ. ನೀಲಿ ಬಳೆ ಅಂದರೆ ನಮ್ಮದು ಎಂದು ಸುತ್ತಲಿನ ಊರಿನವರಿಗೆಲ್ಲ ಗೊತ್ತು.

ಉದ್ದ ಸ್ಕ್ರೂಡ್ರೈವರಿನ ಜಾಗವೂ ತುಂಬಿತ್ತು. ಅಲ್ಲೇ ಪೊಲೀಸ್ ಅಧಿಕಾರಿ ಹಾರ್ಟುಂಗ್‌ನ ವಾದ ನಿಂತಿದ್ದು. ನಿಮ್ಮ ತಮ್ಮ ಹಳೆಯದನ್ನು ಬಾಲದಲ್ಲಿ ಬಿಟ್ಟ, ಗ್ಲೈಡರ್ ಬಿದ್ದ ಮೇಲೆ ಗಾಬರಿಯಾಗಿ ಇನ್ನೊಂದು ತಂದು ನೇತುಹಾಕಿದ, ಎಂದು ಅವನು ನನ್ನ ಮುಖಕ್ಕೇ ಹೇಳಿದ್ದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಆಸಾಮಿ. ಗೋಡೆ ತುಂಬಿದೆ ಎಂದು ಕಂಡನೇ ಹೊರತು ಏನು ತುಂಬಿದೆ ಎಂದು ಕೈಯಲ್ಲಿ ಹಿಡಿದು ನೋಡಲಿಲ್ಲ.

ಅವನನ್ನು ಬೈದು ಏನು ಪ್ರಯೋಜನ? ಈ ಕ್ಲಬ್ಬಿನಲ್ಲಿ ಯಾರೂ ನೋಡಿರಲಿಲ್ಲ. ಆ ಗೋಡೆ ಅವರಿಗೆ ಕಲಿಸಿದ್ದೇ ಅದು: ಬರಿದಾದ ಜಾಗ ನೋಡು. ತುಂಬಿದ ಜಾಗದ ಮೇಲೆ ಯಾರ ಕಣ್ಣೂ ನಿಲ್ಲುವುದಿಲ್ಲ.

ನಾನು ಸ್ಕ್ರೂಡ್ರೈವರನ್ನು ಕೆಳಗಿಳಿಸಿದೆ. ಮರದ ಹಿಡಿ, ಎಣ್ಣೆ ಕುಡಿದು ಕಪ್ಪಾಗಿತ್ತು. ಹೊಸದನ್ನೂ ಎಣ್ಣೆಯಲ್ಲಿ ಅದ್ದಿ ಕಪ್ಪು ಮಾಡಬಹುದು. ಬೆರಳಿನಿಂದ ಸವರಿದೆ. ಹಿಡಿಯ ಕೆಳಭಾಗದಲ್ಲಿ, ನೀಲಿ ಬಳೆಯ ಪಕ್ಕದಲ್ಲಿ, ಸಣ್ಣ ಸಣ್ಣ ಗುಳಿಗಳು ಕೈಗೆ ಸಿಕ್ಕವು. ಕಿಟಕಿಯ ಬೆಳಕಿಗೆ ಹಿಡಿದೆ. ಎರಡು ಸಾಲು, ಎದುರುಬದುರು.

"ಲೊರೆನ್ಸ್, ಇದೇನಿದು?"

ಅವನು ತಲೆ ಎತ್ತಿ ನೋಡಿದ. ನೋಡಿದವನು ಹಾಗೇ ಎದ್ದು ಬಂದ. ನನ್ನ ಕೈಯಿಂದ ಕಿತ್ತುಕೊಂಡು ಹೆಬ್ಬೆರಳಿನಿಂದ ಆ ಗುಳಿಗಳನ್ನು ಒಂದೊಂದಾಗಿ ಮುಟ್ಟಿದ.

"ಫಿಪ್ಸ್" ಎಂದ.

ಫಿಪ್ಸ್ ಅವನ ನಾಯಿ. ಗೇಣುಗಾಲಿನ, ಉದ್ದ ಮೈಯ, ದುರಹಂಕಾರದ ನಾಯಿ. ಮರಿಯಾಗಿದ್ದಾಗ ವರ್ಕ್‌ಶಾಪಿನಲ್ಲಿ ಕೈಗೆ ಸಿಕ್ಕಿದ್ದೆಲ್ಲ ಕಡಿಯುತ್ತಿತ್ತು. ಕಳೆದ ಕ್ರಿಸ್‌ಮಸ್ ಹೊತ್ತಿಗೆ ಸತ್ತಿತು. ಲೊರೆನ್ಸ್ ಸೇಬಿನ ಮರದ ಕೆಳಗೆ ಹೂತು ಎರಡು ದಿನ ಊಟ ಬಿಟ್ಟಿದ್ದ.

"ಮರಿ ಇದ್ದಾಗ ಕಚ್ಚಿದ್ದು. ನಾನು ಒದೆ ಕೊಡೋಕೆ ಹೋದೆ, ಆಲ್ಮುಟ್ ಅಡ್ಡ ಬಂದ್ಲು." ಹಿಡಿಯನ್ನು ಮತ್ತೆ ಬೆಳಕಿಗೆ ತಿರುಗಿಸಿದ. "ಅಕ್ಕ, ಇದು ಹಳೇದೇ. ಇದು ನಮ್ಮದೇ."

"ಸತ್ತ ನಾಯಿ ಎದ್ದು ಬಂದು ಹೊಸ ಹಿಡಿ ಕಚ್ಚೋಕಾಗಲ್ಲ, ಅಲ್ವಾ?"

"ಅಂದ್ರೆ?"

"ಅಂದ್ರೆ ನಿನ್ನ ಗೋಡೆ ತುಂಬಿತ್ತು. ಯಾವತ್ತೂ ತುಂಬೇ ಇತ್ತು. ಬಾಲದೊಳಗೆ ಸಿಕ್ಕಿದ್ದು ನಿನ್ನದಲ್ಲ. ಯಾರೋ ಇನ್ನೊಂದನ್ನ ತಂದು, ನೀಲಿ ಬಳೆ ಬಳಿದು, ಒಳಗೆ ಹಾಕಿದಾರೆ."

"ಯಾಕೆ ಇನ್ನೊಂದು ತರಬೇಕು? ಇದನ್ನೇ ತಗೊಂಡು ಹಾಕಬಹುದಿತ್ತಲ್ಲ?"

"ಇದನ್ನ ತೆಗೆದ್ರೆ ಗೋಡೆ ಬರಿದಾಗುತ್ತೆ ಕಣೋ. ಬರಿದಾದ್ರೆ ನೀನು ಊರೆಲ್ಲ ಎಬ್ಬಿಸಿ ಹುಡುಕಿಸ್ತೀಯ, ಮೈದಾನದಲ್ಲಿ ಒಂದು ಗ್ಲೈಡರ್ ಹಾರೋಕೆ ಬಿಡಲ್ಲ. ಅದು ಗೊತ್ತಿದ್ದೋರ ಕೆಲಸ ಇದು. ಸುತ್ತಿದ್ದ ಬಟ್ಟೆ ಎಂಥದ್ದು?"

"ಯಾವ ಬಟ್ಟೆ?"

"ಸ್ಕ್ರೂಡ್ರೈವರಿನ ಜೊತೆ ಒಂದು ಎಣ್ಣೆ ಬಟ್ಟೆ ಸಿಕ್ಕಿತಲ್ಲ, ಹಾರ್ಟುಂಗ್ ನಿನಗೆ ತೋರಿಸ್ಲಿಲ್ವಾ?"

"ತೋರಿಸಿದ್ರು. ಹಳೇ ಟವಲಿನ ತುಂಡು."

"ನೀನು ಟವಲು ಬಳಸ್ತೀಯಾ ಇಲ್ಲಿ?"

ಅವನಿಗೆ ಅವಮಾನವಾದಂತಾಯಿತು. "ಟವಲು ನೂಲು ಬಿಡುತ್ತೆ. ಬೇರಿಂಗಿಗೆ ನೂಲು ಹೋದ್ರೆ... ನಾನು ಹಳೇ ಬೆಡ್‌ಶೀಟ್ ಬಿಟ್ಟು ಬೇರೆ ಬಟ್ಟೆ ಒಳಗೇ ಬಿಡಲ್ಲ."

"ಇದನ್ನ ಹಾರ್ಟುಂಗ್‌ಗೆ ಹೇಳಿದ್ಯಾ?"

"ಅವರು ಕೇಳ್ಲಿಲ್ಲ."

ಕೇಳಲಿಲ್ಲವಂತೆ. ನನ್ನ ಕೈ ತುರಿಸಿತು. ಇನ್ನು ಸ್ವಲ್ಪ ಹೊತ್ತಿಗೆ ಜೈಲಿಗೆ ಹೋಗುವವನು, ಕೇಳದೆ ಬಾಯಿ ಬಿಡಬಾರದು ಎಂದು ಮರ್ಯಾದೆ ನೋಡಿಕೊಂಡು ಕೂತಿದ್ದಾನೆ.

ಟವಲಿನಲ್ಲಿ ಯಾಕೆ ಸುತ್ತಿದರು ಎಂಬುದು ಅವನಿಗೂ ಹೊಳೆಯಿತು. ಬರೀ ಸ್ಕ್ರೂಡ್ರೈವರ್ ಇಟ್ಟರೆ ಗ್ಲೈಡರನ್ನು ತಳ್ಳುವಾಗಲೇ ಸದ್ದಾಗುತ್ತದೆ. ಸುತ್ತಿ ಸೀಟಿನ ಹಿಂದೆ ಮೆಲ್ಲಗೆ ಇಟ್ಟರೆ ನೆಲದ ಮೇಲಿರುವಷ್ಟು ಹೊತ್ತು ಅಲ್ಲೇ ಮಲಗಿರುತ್ತದೆ. ಹಾರುವ ಮುಂಚೆ ಚಾಲಕ ತನ್ನ ಮುಂದಿನ ಹಿಡಿಕೋಲು ಆಡಿಸಿದರೆ ಬಾಲದ ಪಟ್ಟಿ ಚೆನ್ನಾಗಿಯೇ ಆಡುತ್ತದೆ. ಮೈದಾನದ ಆ ತುದಿಯ ಯಂತ್ರ ತಂತಿ ಸುತ್ತಿಕೊಂಡು ಗ್ಲೈಡರನ್ನು ಗಾಳಿಪಟದ ಹಾಗೆ ಎಳೆದಾಗ, ಮೂತಿ ಆಕಾಶಕ್ಕಾದಾಗ, ಒಳಗಿದ್ದದ್ದು ಬಾಲಕ್ಕೆ ಜಾರುತ್ತದೆ. ಸರಳಿಗೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ಕೋಲನ್ನು ಎಷ್ಟು ತಳ್ಳಿದರೂ ಮೂತಿ ಇಳಿಯುವುದಿಲ್ಲ.

ವೋಲ್ಕ್‌ಮಾರ್ ಎರಡೂ ಕೈಯಲ್ಲಿ ತಳ್ಳಿದ್ದನಂತೆ. ಅವನ ಅಂಗೈಗಳೆರಡೂ ಕಿತ್ತುಹೋಗಿದ್ದವು. ಪ್ರತಿ ವರ್ಷ ತಪಾಸಣೆ ಮುಗಿದ ದಿನ ಪ್ಲಮ್ ಹಣ್ಣಿನ ಕೇಕು ತಂದು ಎಲ್ಲರಿಗೂ ಹಂಚುತ್ತಿದ್ದ ಮನುಷ್ಯ. ನನಗೆ ಹಾರುವುದೆಂದರೆ ಆಗದು ಎಂದು ಗೊತ್ತಿದ್ದೂ, "ಇರ್ಮಾ, ಒಂದು ಸಲ ಬಾ, ಮೇಲಿಂದ ನೋಡಿದ್ರೆ ನಿನ್ನ ಕೋಪ ಎಷ್ಟು ಚಿಕ್ಕದು ಅಂತ ಗೊತ್ತಾಗುತ್ತೆ" ಎಂದು ಕಾಡುತ್ತಿದ್ದ. ಅವನನ್ನು ಹೀಗೆ ಕೊಂದವರ ಮೇಲೆ ನನ್ನ ಕೋಪ ಎಷ್ಟು ದೊಡ್ಡದೆಂದು ಈಗ ಬಂದು ನೋಡಲಿ.

"ತಪಾಸಣೆ ಆದ ಮೇಲೆ ಗ್ಲೈಡರ್ ಎಲ್ಲಿತ್ತು?"

"ಟ್ರೇಲರಿನೊಳಗೆ. ಬೀಗ ಹಾಕಿತ್ತು."

"ಕೀಲಿ ಯಾರ ಹತ್ರ?"

"ಒಂದು ವೋಲ್ಕ್‌ಮಾರ್ ಸೊಂಟದಲ್ಲಿ. ಯಾವಾಗ್ಲೂ ಅಲ್ಲೇ. ಇನ್ನೊಂದು ಓಟ್ಮಾರ್‌ದು."

ಓಟ್ಮಾರ್ ಬ್ರೆಷ್ಟೆಲ್. ಊರಿನ ಔಷಧದಂಗಡಿಯವನು. ಆ ಗ್ಲೈಡರಿನ ಅರ್ಧ ಪಾಲುದಾರ.

"ಕೋಟು ಬಿಚ್ಚು" ಎಂದೆ. ಈ ಸಲ ಬಿಚ್ಚಿದ. "ಈ ಸ್ಕ್ರೂಡ್ರೈವರ್ ಇಲ್ಲಿರೋದು ಬೇಡ, ಯಾರಾದ್ರೂ ಎಗರಿಸಿಯಾರು. ನೇರ ಮನೆಗೆ ತಗೊಂಡು ಹೋಗು. ಆಲ್ಮುಟ್ ಕೈಗೆ ಕೊಟ್ಟು, ಬಟ್ಟೆ ಕಪಾಟಿನಲ್ಲಿಟ್ಟು ಬೀಗ ಹಾಕು ಅನ್ನು. ನಾನು ಬರೋವರೆಗೆ ಹೊಸಿಲು ದಾಟಬೇಡ."

"ನೀನೆಲ್ಲಿಗೆ?"

"ಹಾರ್ಟುಂಗ್ ಮುಂದೆ ಬರೀ ನಾಯಿ ಹಲ್ಲು ಹಿಡ್ಕೊಂಡು ಹೋಗಲ್ಲ. ಹೆಸರು ಹಿಡ್ಕೊಂಡು ಹೋಗ್ತೀನಿ."

ಲೊರೆನ್ಸ್ ಸ್ಕ್ರೂಡ್ರೈವರನ್ನು ಕರವಸ್ತ್ರದಲ್ಲಿ ಸುತ್ತಿ ಎದೆಗೊತ್ತಿಕೊಂಡು ಬೆಟ್ಟ ಇಳಿದ. ಅವನ ಮನೆ ಕೆಳಗೆ ಕಾಣುತ್ತದೆ, ಕೆಂಪು ಹೆಂಚು, ಎತ್ತರದ ಚಿಮಣಿ. ಚಳಿಗಾಲದಲ್ಲಿ ಇಲ್ಲಿಯ ಹಾರುವವರು ಗಾಳಿಯ ದಿಕ್ಕಿಗೆ ಕಂಬದ ಬಟ್ಟೆಚೀಲ ನೋಡುವ ಮೊದಲು ಲೊರೆನ್ಸ್‌ನ ಚಿಮಣಿ ಹೊಗೆ ನೋಡುತ್ತಾರೆ. ಈಗ ಮೇ ತಿಂಗಳು, ಬೆನ್ನು ಸುಡುವ ಬಿಸಿಲು. ಅಡುಗೆಯೆಲ್ಲ ಗ್ಯಾಸಿನ ಮೇಲೆ. ಚಿಮಣಿ ಸುಮ್ಮನೆ ನಿಂತಿತ್ತು.

ಓಟ್ಮಾರ್ ಟ್ರೇಲರುಗಳ ಸಾಲಿನ ಕೊನೆಯಲ್ಲಿದ್ದ. ಬರಿದಾದ ಬಿಳಿ ಟ್ರೇಲರಿನ ಪಕ್ಕ ಮಂಡಿಯೂರಿ, ಅದರ ಮೇಲಿದ್ದ ವೋಲ್ಕ್‌ಮಾರ್‌ನ ಹೆಸರಿನ ಅಂಟುಪಟ್ಟಿಯನ್ನು ಉಗುರಿನಿಂದ ಕೀಳುತ್ತಿದ್ದ. ಅರ್ಧ ಹೆಸರು ಹೋಗಿತ್ತು.

"ಮಣ್ಣು ಇನ್ನೂ ಆರಿಲ್ಲ ಓಟ್ಮಾರ್" ಎಂದೆ.

ಬೆಚ್ಚಿ ತಿರುಗಿದ. "ಇರ್ಮಾ, ನೀನಾ? ಏನಿಲ್ಲ, ಟ್ರೇಲರ್ ತೊಳೆಯೋಣ ಅಂತ."

"ತೊಳೆಯೋದು ಹೀಗಾ? ಉಗುರಲ್ಲಿ ಕಿತ್ತು?"

ಅವನು ಎದ್ದು ಮಂಡಿ ಕೊಡವಿಕೊಂಡ. ಯಾವಾಗಲೂ ಇಸ್ತ್ರಿ ಮಾಡಿದ ಅಂಗಿ, ಯಾವಾಗಲೂ ಸೋಪಿನ ವಾಸನೆ.

"ಟ್ರೇಲರಿನ ಕೀಲಿ ತೋರಿಸು."

"ಯಾಕೆ?"

"ತೋರಿಸು ಅಂದೆ."

"ನೀವು ಪೊಲೀಸ್ ಕೆಲಸ ಬಿಟ್ಟು ಬಹಳ ಕಾಲ ಆಯ್ತು ಅಂತ ನನ್ನ ನೆನಪು" ಎಂದ.

ಆ 'ನೀವು' ನನ್ನ ಕೆನ್ನೆಗೆ ಹೊಡೆದಂತಿತ್ತು. ಈ ಮೈದಾನಕ್ಕೆ ಕಾಲಿಟ್ಟ ಮೇಲೆ ಮೇಯರ್ ಆದರೂ, ಪಾದ್ರಿ ಆದರೂ ನೀನು ಅಂತಲೇ ಕರೆಯಬೇಕು. ಇಲ್ಲಿ ಒಬ್ಬರ ಜೀವ ಇನ್ನೊಬ್ಬರ ಕೈಯಲ್ಲಿರುತ್ತದೆ, ಬಹುವಚನಕ್ಕೆ ಹೊತ್ತಿಲ್ಲ ಎಂದು ವೋಲ್ಕ್‌ಮಾರ್ ಹೇಳುತ್ತಿದ್ದ. ಇಲ್ಲಿ ನಿಂತು ನೀವು ಅಂದರೆ ಬಾಗಿಲು ಹಾಕಿದಂತೆ.

"ಸರಿ ಬ್ರೆಷ್ಟೆಲ್ ಅವರೇ, ನೀವು ಅಂತಾನೇ ಮಾತಾಡೋಣ. ಚಳಿಗಾಲದ ಔತಣದಲ್ಲಿ ಎಲ್ಲರ ಮುಂದೆ ವೋಲ್ಕ್‌ಮಾರ್‌ಗೆ ಏನಂದ್ರಿ? ನೆನಪಿದೆಯಾ? 'ಒಂದು ದಿನ ನೀನು ಬೀಳ್ತೀಯ, ಆಗಲಾದ್ರೂ ನನ್ನ ಸರದಿ ಬರುತ್ತೆ' ಅಂದ್ರಿ. ನಾನು ಆಲೂಗಡ್ಡೆ ಬಡಿಸ್ತಾ ಇದ್ದೆ, ನನ್ನ ಕಿವಿಗೇ ಬಿತ್ತು."

ಅವನ ಮುಖ ಕೆಂಪಾಯಿತು. "ಕುಡಿದಿದ್ದೆ."

"ಕುಡಿದ ಬಾಯಿ ಸುಳ್ಳು ಹೇಳಲ್ಲ."

"ಹೌದು, ಅಂದೆ!" ಅವನೂ ಕೂಗಿದ. ದೂರದಲ್ಲಿ ಹುಲ್ಲು ಕೊಯ್ಯುತ್ತಿದ್ದವನು ಯಂತ್ರ ನಿಲ್ಲಿಸಿ ನಮ್ಮತ್ತ ನೋಡಿದ. "ಬಿಸಿಲು ಬಂದ ಭಾನುವಾರ ಎಲ್ಲ ಅವನಿಗೆ, ಮೋಡದ ಮಂಗಳವಾರ ನನಗೆ! ಗ್ಲೈಡರ್ ಇಬ್ಬರದು, ಆಕಾಶ ಅವನೊಬ್ಬನದು! ಹೊಟ್ಟೆ ಉರೀತಿತ್ತು, ಅಂದೆ. ಒಂದು ಒರೆಗೆ ಎರಡು ಕತ್ತಿ ಹಾಕಿದ್ದೇ ತಪ್ಪು. ಆದ್ರೆ ಅಂದಿದ್ದಕ್ಕೆ ಕೊಂದೆ ಅಂತೀರಾ?"

"ಆ ಸ್ಕ್ರೂಡ್ರೈವರ್ ನನ್ನ ತಮ್ಮನದಲ್ಲ. ತಪಾಸಣೆ ದಿನ ಒಳಗೆ ಇರಲೂ ಇಲ್ಲ, ಬಾಲ ಎತ್ತಿದ್ದು ನೀವೇ, ನಿಮಗೇ ಗೊತ್ತು. ಆಮೇಲೆ ಬೀಗ ತೆಗೆದು ಇಟ್ಟಿದಾರೆ. ಬೀಗಕ್ಕೆ ಎರಡೇ ಕೀಲಿ. ಒಂದು ಸತ್ತೋನ ಸೊಂಟದಲ್ಲಿ ಸಿಕ್ತು. ನಿಮ್ಮದೆಲ್ಲಿ?"

ನಾನು ಕಾದೆ. ಇಂಥ ಹೊತ್ತಿನಲ್ಲಿ ಅಪರಾಧಿಯ ಕಣ್ಣು ಎಲ್ಲಿಗೆ ಹೋಗುತ್ತದೆ ಎಂದು ನೋಡುವುದು ನನ್ನ ಹಳೆಯ ಅಭ್ಯಾಸ. ಕೀಲಿ ಇರುವ ಜೇಬಿಗೆ ಹೋಗುತ್ತದೆ, ಇಲ್ಲವೇ ಓಡುವ ದಾರಿಗೆ ಹೋಗುತ್ತದೆ.

ಓಟ್ಮಾರ್‌ನ ಕಣ್ಣು ಎಲ್ಲಿಗೂ ಹೋಗಲಿಲ್ಲ. ನನ್ನ ಮುಖದ ಮೇಲೇ ನಿಂತಿತ್ತು. ಅದರಲ್ಲಿ ಕೋಪ ಇಳಿದು ಬೇರೆ ಏನೋ ಬಂದಿತ್ತು.

"ಇರ್ಮಾ, ಒಂದು ಮಾತು ಕೇಳ್ತೀನಿ" ಎಂದ. ಮತ್ತೆ ನೀನು ಎಂಬ ಸ್ವರಕ್ಕೆ ಇಳಿದಿದ್ದ. "ತಪಾಸಣೆ ಆದ ಮೇಲೆ ಮೊದಲನೇ ಹಾರಾಟ ಯಾರದು ಅಂತ ನಿನಗೆ ಗೊತ್ತಾ?"

"ಒಡೆಯಂದು. ಇನ್ಯಾರದು?"

"ಅಲ್ಲ. ಈ ಬೆಟ್ಟದಲ್ಲಿ ಅಲ್ಲ. ರುಜು ಹಾಕಿದೋನು ಮೊದಲು ಕೂರ್ತಾನೆ. ತಾನು ಕೂರದ ಗ್ಲೈಡರಿಗೆ ರುಜು ಹಾಕಬಾರದು ಅಂತ ನಮ್ಮ ತಾತಂದಿರ ಕಾಲದಿಂದ ಇದೆ. ನಿನ್ನ ತಮ್ಮ ಈ ಪದ್ಧತಿ ಒಂದು ಸಲಾನೂ ಮುರಿದೋನಲ್ಲ."

ನನಗೆ ಹಾರುವುದೆಂದರೆ ಆಗದು. ಕೇಕಿಗೆ ಬರುತ್ತಿದ್ದೆ, ಹಾರಾಟ ನೋಡಲು ಎಂದೂ ಬಂದವಳಲ್ಲ.

"ಆ ದಿನ ಬೆಳಿಗ್ಗೆ ಲೊರೆನ್ಸ್ ಪ್ಯಾರಾಚೂಟ್ ಕಟ್ಟಿಕೊಂಡು ನಿಂತಿದ್ದ. ಕಾಕ್‌ಪಿಟ್ ಅಂಚಿನ ಮೇಲೆ ಒಂದು ಕಾಲು ಇಟ್ಟಿದ್ದ. ಕ್ಲಬ್ಬಿನ ಫೋನ್ ಹೊಡ್ಕೊಳ್ತು. ಹೋಗಿ ಮಾತಾಡಿ ಬಂದೋನೇ ಪ್ಯಾರಾಚೂಟ್ ಬಿಚ್ಚಿ ಕೊಟ್ಟು ಕಾರು ಹತ್ತಿದ. ವೋಲ್ಕ್‌ಮಾರ್ ನಗ್ತಾ ನಾನೇ ಕೂರ್ತೀನಿ ಅಂದ." ಓಟ್ಮಾರ್ ಅರ್ಧ ಕಿತ್ತ ಹೆಸರಿನ ಕಡೆ ನೋಡಿದ. "ನಾನು ವೋಲ್ಕ್‌ಮಾರ್‌ನ ದ್ವೇಷಿಸ್ತಿದ್ದೆ ಅಂತಾನೇ ಇಟ್ಕೋ. ಲೊರೆನ್ಸ್ ಕೂರಬೇಕಾದ ಗ್ಲೈಡರಲ್ಲಿ ಸ್ಕ್ರೂಡ್ರೈವರ್ ಇಟ್ಟು ನನಗೇನು ಬರುತ್ತೆ?"

ಬೆಳಿಗ್ಗೆಯಿಂದ ನಾನು ವೋಲ್ಕ್‌ಮಾರ್‌ನ ಶತ್ರುವನ್ನು ಹುಡುಕುತ್ತಿದ್ದೆ. ಹುಡುಕಬೇಕಾಗಿದ್ದುದು ಲೊರೆನ್ಸ್‌ನ ಶತ್ರುವನ್ನು. ಅವನೇ ಸತ್ತಿದ್ದರೆ ಯಾರು ಕೇಳುತ್ತಿದ್ದರು? ಮುದುಕ ತನ್ನ ಸ್ಕ್ರೂಡ್ರೈವರನ್ನು ತಾನೇ ಮರೆತ, ತಾನೇ ಸತ್ತ, ಪಾಪ, ಅನ್ನುತ್ತಿದ್ದರು. ಕೇಸೂ ಇಲ್ಲ, ಹಾರ್ಟುಂಗೂ ಇಲ್ಲ.

"ಮತ್ತೆ ಕೀಲಿ?" ಎಂದೆ.

"ತಪಾಸಣೆ ಶುರುವಾದಾಗಲೇ ಕೊಟ್ಟುಬಿಟ್ಟೆ. ಲೊರೆನ್ಸ್‌ಗೆ ಬೇಕಾದಾಗ ತೆಗೆಯೋಕೆ ಅಂತ. ಅವನು ಮನೇಲಿರಲಿಲ್ಲ, ಆಲ್ಮುಟ್ ಕೈಗೆ ಕೊಟ್ಟೆ, ಅವನಿಗೆ ಹೇಳಿದ್ಲೋ ಇಲ್ವೋ ಗೊತ್ತಿಲ್ಲ. ಅಡುಗೆಮನೆ ಗಡಿಯಾರದ ಪಕ್ಕದ ಮೊಳೆಗೆ ಹಾಕಿದ್ಲು. ಬಿರಡೆ ಕಟ್ಟಿರೋ ಕೀಲಿ. ಇನ್ನೂ ಅಲ್ಲೇ ಇರಬೇಕು."

ಅಲ್ಲೇ ಇತ್ತು. ಈ ವಾರವೆಲ್ಲ ನಾನು ಆ ಗಡಿಯಾರದ ಕೆಳಗೆ ಕೂತು ಆಲ್ಮುಟ್ ಕೊಟ್ಟ ಸೂಪು ಕುಡಿದಿದ್ದೆ. ಆ ಮೊಳೆಯ ಮೇಲೆ ಟೋಪಿ ಹಾಕಲು ಹೋದಾಗ ಬಿರಡೆ ಬೆರಳಿಗೆ ತಗಲಿತ್ತು.

ಕ್ಲಬ್ ಮನೆಯತ್ತ ಓಡಿದೆ. ಈ ಮಂಡಿಗಳಲ್ಲಿ ಹಾಗೆ ಓಡಿ ಎಷ್ಟು ಕಾಲವಾಗಿತ್ತೋ. ಫೋನು ಕಿಟಕಿಯ ಪಕ್ಕ, ಬೀರ್ ಪೆಟ್ಟಿಗೆಗಳ ಮೇಲೆ. ತಮ್ಮನ ಮನೆಯ ನಂಬರು ತಿರುಗಿಸಿದೆ.

"ಹಲೋ?" ಲೊರೆನ್ಸ್‌ನ ದನಿ. ಬದುಕಿದ್ದಾನೆ.

"ಲೊರೆನ್ಸ್, ಬಾಯಿ ಮುಚ್ಕೊಂಡು ಕೇಳು, ಕೇಳಿದ್ದಕ್ಕೆ ಉತ್ತರ ಹೇಳು. ಆ ದಿನ ನೀನು ಕೂರಬೇಕಾಗಿತ್ತು. ಯಾಕೆ ಕೂರಲಿಲ್ಲ?"

ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡೆ.

"ಹೇಳೋ!"

"ಅದಕ್ಕೇ ಅಲ್ವಾ ಅಕ್ಕ ನಾನು ರುಜು ಹಾಕ್ತೀನಿ ಅಂದಿದ್ದು" ಎಂದ. ಅಳುತ್ತಿದ್ದ. "ನನ್ನ ಜಾಗದಲ್ಲಿ ಅವನು ಸತ್ತ. ನಾನು ಸಾಯಬೇಕಿತ್ತು."

"ಫೋನ್ ಮಾಡಿದ್ದು ಯಾರು?"

"ಆಲ್ಮುಟ್."

"ಏನಂದ್ಲು?" ಎಂದೆ.

"ಎದೆ ನೋವು, ಹತ್ತಬೇಡ, ಇದ್ದ ಹಾಗೇ ಬಾ ಅಂದ್ಲು. ಸತ್ತೇ ಹೋಗ್ತಾಳೇನೋ ಅಂತ ಓಡಿಬಂದೆ. ಬಂದು ನೋಡಿದ್ರೆ ಆಲೂಗಡ್ಡೆ ಉಂಡೆ ಕಟ್ಟುತ್ತಾ ಇದಾಳೆ. ಕಡಿಮೆ ಆಯ್ತು, ಕೂತ್ಕೋ, ತಿನ್ನು ಅಂದ್ಲು. ನನಗೆಷ್ಟು ಸಂತೋಷ ಆಯ್ತು ಗೊತ್ತಾ. ಕೂತು ತಿಂತಾ ಇದ್ದೆ, ಮೇಲೆ ಸೈರನ್ ಕೂಗ್ತು."

ಹತ್ತಬೇಡ ಅಂದಳಂತೆ. ಎದೆ ನೋವು ಬಂದವಳು ಡಾಕ್ಟರನ್ನು ಕರಿ ಅನ್ನುತ್ತಾಳೆ. ಬೇಗ ಬಾ ಅನ್ನುತ್ತಾಳೆ. ಹತ್ತಬೇಡ ಅನ್ನುವುದಿಲ್ಲ. ಇವನಿಗೆ ಯಾರೂ ಶತ್ರುವಿರಲಿಲ್ಲ. ಇವನನ್ನು ಆ ಗ್ಲೈಡರಿನಿಂದ ಒಬ್ಬಳು ಎಳೆದುಕೊಂಡಿದ್ದಳು, ವೋಲ್ಕ್‌ಮಾರ್‌ಗೆ ಒಂದು ಮಾತೂ ಹೇಳದೆ. ಒಳಗೆ ಏನಿದೆ ಎಂದು ಅವಳಿಗೆ ಗೊತ್ತಿತ್ತು; ಅವನ ಮೇಲೆ ಅವಳಿಗೇನು ಹಗೆಯೋ ನನಗಿನ್ನೂ ತಿಳಿಯದು. ನೀಲಿ ಕುಂಚ, ಅಡುಗೆಮನೆಯ ಟವಲು, ಮೊಳೆಗೆ ನೇತುಹಾಕಿದ ಕೀಲಿ, ಎಲ್ಲ ನನ್ನ ಕಣ್ಣೆದುರಿಗೇ ಇದ್ದವು. ತುಂಬಿದ ಜಾಗ ನೋಡದವರ ಸಾಲಿನಲ್ಲಿ ನಾನೂ ಒಬ್ಬಳು. ಹಾರ್ಟುಂಗ್‌ನನ್ನು ಬೈದ ಬಾಯಿಗೆ ಈಗ ಏನು ತುರುಕಲಿ?

"ಲೊರೆನ್ಸ್." ಆದಷ್ಟು ಮೆಲ್ಲಗೆ ಮಾತಾಡಿದೆ. "ಸ್ಕ್ರೂಡ್ರೈವರ್ ಎಲ್ಲಿ?"

"ನೀನೇ ಹೇಳಿದ್ಯಲ್ಲ. ಆಲ್ಮುಟ್ ಕೈಗೆ ಕೊಟ್ಟೆ. ಫಿಪ್ಸ್ ಹಲ್ಲಿನ ಗುರುತೂ ತೋರಿಸ್ದೆ, ಇದೊಂದೇ ಸಾಕ್ಷಿ, ಜೋಪಾನ ಅಂದೆ. ತಿರುಗಿಸಿ ತಿರುಗಿಸಿ ನೋಡಿದ್ಲು. ಪಾಪ, ಅತ್ತೇಬಿಟ್ಳು. ಆ ನಾಯಿ ಅಂದ್ರೆ ಅವಳಿಗೆ ಪ್ರಾಣ."

"ಈಗ ಎಲ್ಲಿದಾಳೆ?"

"ಮುಂದಿನ ಕೋಣೇಲಿ. ಏನೋ ಸದ್ದು ಮಾಡ್ತಾ ಇದಾಳೆ. ಚಳಿಗಾಲದ ಸೌದೆ ಒಲೆ ಬಾಗಿಲು ಅನ್ಸುತ್ತೆ."

ಕಿಟಕಿಯಿಂದ ಕೆಳಗೆ ನೋಡಿದೆ. ಬಿಸಿಲು ಸುಡುತ್ತಿತ್ತು, ಹುಲ್ಲು ಅಲುಗುತ್ತಿರಲಿಲ್ಲ. ಲೊರೆನ್ಸ್‌ನ ಚಿಮಣಿಯಿಂದ ಹೊಗೆ ನೆಟ್ಟಗೆ ಮೇಲೇಳುತ್ತಿತ್ತು.

"ಓಡು! ಒಲೆ ಬಾಗಿಲು ತೆಗಿ! ಕೈ ಸುಟ್ರೂ ಸರಿ, ಅದನ್ನ ಈಚೆ ಎಳಿ! ಲೊರೆನ್ಸ್, ಕೇಳಿಸ್ತಾ?"

ಆ ಕಡೆ ಫೋನು ಒಂದು ಕೈಯಿಂದ ಇನ್ನೊಂದು ಕೈಗೆ ಹೋಯಿತು.

"ಅತ್ತಿಗೆ" ಎಂದಳು ಆಲ್ಮುಟ್. ದನಿ ಎಂದಿನಂತೆಯೇ ಮೆತ್ತಗಿತ್ತು. "ಯಾಕೆ ಹಾಗೆ ಕೂಗ್ತೀರಿ? ಅಡುಗೆ ಆಗಿದೆ, ಸೂಪು ಆರೋದ್ರೊಳಗೆ ಬನ್ನಿ. ಲೊರೆನ್ಸ್ ಆಗಲೇ ಕೋಟು ಹಾಕ್ಕೊಂಡ್ರು. ಹಾರ್ಟುಂಗ್ ಹತ್ರ ನಾನೇ ಕರ್ಕೊಂಡು ಹೋಗ್ತೀನಿ."